ಮಿಸ್ತ್ರಿ ಬಿಚ್ಚದ ಎಂಜಿನ್

ಮಿಸ್ತ್ರಿಯವರ ಜನಿವಾರ ಕಪ್ಪಗಿತ್ತು. ನೂಲ ಹುಣ್ಣಿಮೆಗೆ ಹೊಸದು ಹಾಕಿಕೊಂಡರೂ ವಾರದೊಳಗೆ ಎಂಜಿನ್ ಎಣ್ಣೆ ಕುಡಿದು ದಪ್ಪಗಾಗುತ್ತಿತ್ತು. ಪಾನಾ, ಸುತ್ತಿಗೆ ಇಡುವ ಪೆಟ್ಟಿಗೆಯ ಕೀಲಿಯನ್ನು ಅದಕ್ಕೇ ಕಟ್ಟಿಕೊಂಡಿರುತ್ತಿದ್ದರು. ಅವರ ಅಪ್ಪ ಗುಡಿಯ ಪೂಜೆ ಮಾಡಿಕೊಂಡಿದ್ದವರು. ಮಗ ಮಾತ್ರ ಯರಗಟ್ಟಿಯಲ್ಲಿ ಬೆಳಗಾವಿ ರಸ್ತೆಯ ಬದಿಗೆ ತಗಡಿನ ಶೆಡ್ ಹಾಕಿ ಟ್ರ್ಯಾಕ್ಟರ್ ರಿಪೇರಿಗೆ ನಿಂತರು. "ಗುಡ್ಯಾಗಿನ ದೇವರು ಮಾತಾಡಂಗಿಲ್ಲ. ಎಂಜಿನ್ ಮಾತಾಡ್ತದ. ಸುಮ್ನ ಕೂಡೋರ ಜೋಡಿ ನನಗ ಆಗಿಬರಂಗಿಲ್ಲ," ಎನ್ನುತ್ತಿದ್ದರು.

ಸುಮ್ಮನೆ ಕೂಡುವುದು ಅವರಿಗೂ ಗೊತ್ತಿರಲಿಲ್ಲ. ಚಹಾ ಕುಡಿಯುವಾಗಲೂ ಓಡಾಟ. ಈ ಮೂಲೆಯಲ್ಲಿ ಒಂದು ಗುಟುಕು, ಆ ಮೂಲೆಯಲ್ಲಿ ಒಂದು. ಎದುರಿಗೆ ಕೂತ ಗಿರಾಕಿ ಕತ್ತು ತಿರುಗಿಸುತ್ತಲೇ ಇರಬೇಕು. ಕೈ ಮಾತ್ರ ಅವಸರ ಮಾಡುತ್ತಿರಲಿಲ್ಲ. ಒಂದು ನಟ್ಟು ಬಿಚ್ಚುವ ಮೊದಲು ಎಂಜಿನ್ನಿನ ಸುತ್ತ ನಾಲ್ಕು ಸಲ ತಿರುಗಿ, ಮೂಸಿ, ಕಿವಿಗೊಟ್ಟು, ಮಾಲೀಕನ ತಲೆ ಚಿಟ್ಟು ಹಿಡಿಯುವಷ್ಟು ಪ್ರಶ್ನೆ ಕೇಳುತ್ತಿದ್ದರು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನು. ಅದೂ ಮೆಕ್ಯಾನಿಕಲ್. ಅವ್ವನಿಗೆ ಸಹಿ ಬರುವುದಿಲ್ಲ, ಅಪ್ಪ ಓದಿದ್ದು ನಾಲ್ಕನೆಯ ಇಯತ್ತೆ. "ಹೆಣ್ಣಹುಡುಗಿ ಗಾಡಿ ರಿಪೇರಿ ಕಲ್ತು ಯಾರ ಮನಿ ಉದ್ಧಾರ ಮಾಡ್ತಾಳು" ಎಂದು ಓಣಿಯವರು ಆಡಿಕೊಂಡದ್ದನ್ನು ನುಂಗಿಕೊಂಡೇ ಪಾಸಾದೆ. ಸೊಕ್ಕು ಇತ್ತು ನನಗೆ. ಇಲ್ಲವೆನ್ನುವುದಿಲ್ಲ. ದುಡಿದು ಗಳಿಸಿದ ಸೊಕ್ಕು.

ನಾನು ಓದು ಮುಗಿಸಿ ಊರಿಗೆ ಬಂದ ವರ್ಷವೇ ನಮ್ಮ ಹಳೆಯ ಟ್ರ್ಯಾಕ್ಟರಿನ ಎಂಜಿನ್ ಕೈಕೊಟ್ಟಿತು. ಮಿಸ್ತ್ರಿಯವರು ಪೂರ್ತಿ ಬಿಚ್ಚಿ, ಹೊಸ ಪಿಸ್ಟನ್ನು, ಎಣ್ಣೆ ಮೇಲೇರದಂತೆ ತಡೆಯುವ ಹೊಸ ರಿಂಗು ಹಾಕಿ ಕಟ್ಟಿಕೊಟ್ಟರು. ಅಪ್ಪ ಕೀಲಿಯನ್ನು ನನ್ನ ಕೈಗಿಟ್ಟು, "ನೀ ಇಂಜಿನಿಯರ್ ಅದಿ. ಎಣ್ಣಿ-ಗಿಣ್ಣಿ ಎಲ್ಲಾ ನೀನ ನೋಡ್ಕೋ," ಅಂದ. ದಿನಾ ಬೆಳಿಗ್ಗೆ ನಾನೇ ನೋಡಿಕೊಂಡೆ. ಎರಡನೆಯ ದಿನಕ್ಕೇ ಸೈಲೆನ್ಸರಿನಿಂದ ನೀಲಿ ಹೊಗೆ ಶುರುವಾಯಿತು. ನೀಲಿ ಹೊಗೆ ಎಂದರೆ ಡೀಸೆಲ್ ಜೊತೆಗೆ ಎಣ್ಣೆಯೂ ಸುಡುತ್ತಿದೆ ಎಂದೇ ಲೆಕ್ಕ. ಹಿಂಗಾರಿ ಬಿತ್ತುವ ಹದ ದಿನದಿನಕ್ಕೆ ಆರುತ್ತಿತ್ತು. ಎಂಜಿನ್ ಮತ್ತೆ ಬಿಚ್ಚಿದರೆ ವಾರ ಹೋಯಿತು. ನಾಲ್ಕನೆಯ ದಿನ ಅಪ್ಪನಿಗೆ ತಡೆಯಲಾಗಲಿಲ್ಲ. "ಹೊಡಿ ಯರಗಟ್ಟಿಗೆ," ಅಂದ.

ಶೆಡ್ಡಿನಲ್ಲಿ ಸಿರಸಂಗಿಯ ರೈತನೊಬ್ಬ ತನ್ನ ಟ್ರ್ಯಾಕ್ಟರಿನ ಎಂಜಿನ್ ಕೆಲಸ ಒಪ್ಪಿಸಲು ಬಂದು ಬೆಂಚಿನ ಮೇಲೆ ಕೂತಿದ್ದ. ನಾನು ಇಳಿದವಳೇ, ಅವನ ಎದುರಿಗೇ, ದೊಡ್ಡ ದನಿಯಲ್ಲಿ ಹೇಳಿಬಿಟ್ಟೆ.

"ಕಾಕಾ, ರಿಂಗ್ ತಿರುವುಮುರುವು ಕುಂದರಿಸೀರಿ. ಎಣ್ಣಿ ಮ್ಯಾಲ ಏರಾಕತ್ತೇತಿ. ಮತ್ತ ಬಿಚ್ಚಬೇಕು."

ಮಿಸ್ತ್ರಿಯವರು ಚಹಾದ ಲೋಟ ಕೆಳಗಿಟ್ಟರು. "ಬರ್ರಿ ಇಂಜಿನಿಯರ್ ಬಾಯಾರ. ಬಂದ ಕೂಡ್ಲೆ ಆಪರೇಶನ್ನಾ? ನಾಡಿ ಹಿಡೀಲಿಕ್ಕರೆ ಬಿಡ್ರಿ."

"ಪುಸ್ತಕದಾಗ ಹಂಗ ಐತ್ರಿ."

"ಇರ್ತದ, ಖರೇನ ಇರ್ತದ. ಈ ಎಂಜಿನ್ ಆ ಪುಸ್ತಕಾ ಓದೇದೋ ಇಲ್ಲೋ ನೋಡೂಣು."

ಸಿರಸಂಗಿಯವನು ಎದ್ದು ಟೋಪಿ ಸರಿಮಾಡಿಕೊಂಡ. "ಇನ್ನೊಂದ್ ದಿನ ಬರ್ತೇನ್ರಿ ಮಿಸ್ತ್ರಿ," ಎಂದು ಹೋಗೇಬಿಟ್ಟ. ಮಿಸ್ತ್ರಿಯವರು ಅವನ ಬೆನ್ನನ್ನೊಮ್ಮೆ ನೋಡಿದರು.

ಆಮೇಲೆ ಅವರ ತಿರುಗಾಟ ಶುರುವಾಯಿತು. ಹೊಗೆ ಚಾಲೂ ಮಾಡಿದಾಗಷ್ಟೇ ಬರುತ್ತದೋ, ದಿನಪೂರ್ತಿಯೋ? ಎಂಜಿನ್ನಿನ ಎಳೆತ ಕಡಿಮೆಯಾಗಿದೆಯೋ? ಎಲ್ಲಾದರೂ ಸೋರಿದೆಯೋ? ನನಗೋ ಒಳಗೊಳಗೇ ಕುದಿ. ಇಷ್ಟು ಹೊತ್ತಿಗೆ ಅರ್ಧ ಬಿಚ್ಚಬಹುದಿತ್ತು! ಕಡೆಗೆ ಎಂಜಿನ್ ಆರಲು ಬಿಟ್ಟು, ಎಣ್ಣೆ ಅಳೆಯುವ ಕಡ್ಡಿ ಎಳೆದರು. ಒರೆಸಿ, ಹಾಕಿ, ಮತ್ತೆ ಎಳೆದರು.

"ಇದಕ್ಕ ಮ್ಯಾಲ ಎಣ್ಣಿ ಹಾಕೀರೇನು?"

"ಇಲ್ರಿ. ಕಮ್ಮೀನ ಆಗಿಲ್ಲ."

"ನಾ ತುಂಬಿದಷ್ಟ ಅದ. ಹಂಗಾರ ನಾಕ್ ದಿನಾ ಸುಟ್ಟಿದ್ದು ಯಾರ ಮನಿ ಎಣ್ಣಿ?"

ಅವರ ಕಾಲು ನಿಂತಿತು. ಅವರು ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. ನೆಟ್ಟಗೆ ಹೋಗಿ ಏರ್ ಕ್ಲೀನರಿನ ಕ್ಲಿಪ್ಪು ಬಿಚ್ಚಿ, ಅಡಿಯ ಬಟ್ಟಲನ್ನು ಇಳಿಸಿಕೊಂಡರು. ಎಂಜಿನ್ ಎಳೆದುಕೊಳ್ಳುವ ಗಾಳಿಯ ಧೂಳು ಅಂಟಿಕೊಳ್ಳಲೆಂದು ಆ ಬಟ್ಟಲಿನಲ್ಲಿ ಒಂದು ಗೆರೆಯವರೆಗೆ ಎಣ್ಣೆ ಇರುತ್ತದೆ. ನಮ್ಮದರಲ್ಲಿ ಗೆರೆಯೇ ಕಾಣುತ್ತಿರಲಿಲ್ಲ. ಗೆರೆ ಮುಳುಗಿಸಿ ನಿಂತ ಎಣ್ಣೆಯನ್ನು ಎಂಜಿನ್ ಗಾಳಿಯ ಜೊತೆಗೇ ಎಳೆದು ಸುಡುತ್ತಿತ್ತು.

ತುಂಬಿದವಳು ನಾನು. ಹೊಸ ಎಂಜಿನ್ನಿಗೆ ನಮ್ಮ ಎರೆ ಹೊಲದ ಧೂಳು ತಾಗಬಾರದು ಎಂಬ ಕಾಳಜಿ. ದಿನಾ ಬೆಳಿಗ್ಗೆ ಬಟ್ಟಲಿನ ಎಣ್ಣೆ ಇಳಿದಿದ್ದು ಕಂಡು, ದಿನಾ ಅಂಚಿನವರೆಗೆ ತುಂಬಿದ್ದೆ.

"ಏನಾಗೇತ್ರಿ?" ಎಂದು ಅಪ್ಪ ಬಗ್ಗಿದ. ಮಿಸ್ತ್ರಿಯವರು ನನ್ನ ಮುಖ ನೋಡಿದರು. ನಾನೇ ಹೇಳಬೇಕಾಯಿತು. ಅಪ್ಪ ನಗಬೇಕೋ ಬೈಯಬೇಕೋ ತಿಳಿಯದೆ ಪಟಕಾ ತೆಗೆದು ತಲೆ ಕೆರೆದುಕೊಂಡ. ಹೆಚ್ಚಿನ ಎಣ್ಣೆ ಚೆಲ್ಲಿ ಬಟ್ಟಲು ಕೂಡಿಸಿದ್ದಾಯಿತು. ಉಳಿದದ್ದು ಸುಟ್ಟುಹೋಗುವವರೆಗೆ ಸ್ವಲ್ಪ ಹೊತ್ತು ಹೊಗೆ ಬಂತು, ಆಮೇಲೆ ತಿಳಿಯಾಯಿತು. ಅವತ್ತು ಮಧ್ಯಾಹ್ನವೇ ಬಿತ್ತಿದೆವು.

ಬಿತ್ತಿದರೂ ನನಗೆ ಸಮಾಧಾನವಿಲ್ಲ. ಶೆಡ್ಡಿನಿಂದ ಎದ್ದು ಹೋದವನ ಬೆನ್ನೇ ಕಣ್ಣ ಮುಂದೆ. ಎರಡು ದಿನ ಚಡಪಡಿಸಿ, ಮೂರನೆಯ ದಿನ ಬಸ್ಸು ಹಿಡಿದು ಸಿರಸಂಗಿಗೆ ಹೋಗಿ ಅವನ ಮನೆ ಹುಡುಕಿದೆ. ಅವನ ಟ್ರ್ಯಾಕ್ಟರು ಆಗಲೇ ಬೈಲಹೊಂಗಲದ ಒಂದು ಗ್ಯಾರೇಜಿನಲ್ಲಿ ಬಿಚ್ಚಿ ಬಿದ್ದಿತ್ತು. ತಪ್ಪು ನನ್ನದು, ಮಿಸ್ತ್ರಿಯವರದಲ್ಲ ಎಂದೆ. ಆತ ನಕ್ಕ.

"ಇರಲಿ ತಗೋರಿ ಬಾಯಾರ. ಇಂಜಿನಿಯರ್ ಹೇಳಾಕತ್ತಾರಂತ ನಾ ಎದ್ದು ಬಂದೆ. ಊರಾಗ ನಾಕ್ ಮಂದಿ ಮುಂದ ಹೇಳೂ ಬಿಟ್ಟೇನಲ್ರಿ."

ನನ್ನ ಡಿಗ್ರಿಯನ್ನು ಮನೆಯ ಹೊರಗೆ ಮೊದಲು ನಂಬಿದವನು ಆತ. ನಂಬಿದ್ದು ಒಂದು ಸುಳ್ಳನ್ನು.

ಬರುವಾಗ ಯರಗಟ್ಟಿಯಲ್ಲಿ ಇಳಿದು ಮಿಸ್ತ್ರಿಯವರಿಗೆ ಎಲ್ಲ ಹೇಳಿದೆ. ಅವರು ಅಡ್ಡಾಡುತ್ತಲೇ ಕೇಳಿಸಿಕೊಂಡರು. "ಓದಿದವರು ಹೇಳಿದ್ರ ಜನಾ ಪರೀಕ್ಷಾ ಮಾಡಂಗಿಲ್ಲ ತಂಗಿ. ಹಂಗ ನಂಬಿಬಿಡ್ತಾರ. ಅದಕ್ಕ ನೀನ ಪರೀಕ್ಷಾ ಮಾಡು, ಆಮ್ಯಾಲ ಹೇಳು," ಎಂದರು. ಒಂದು ಸುತ್ತು ಹಾಕಿ ಬಂದು, "ಬಟ್ಟಲದ ಗೆರಿ ತೋರಿಸಿ ಕಳಸಬೇಕಿತ್ತು. ಇಂಜಿನಿಯರ್ ಇದ್ದಾಳ, ಗೊತ್ತಿರ್ತದ ಅಂತ ನಾನೂ ನಂಬಿದೆ ನೋಡು," ಎಂದು ನಕ್ಕರು. ಆ ದಿನದಿಂದ ನಾನು 'ಬಾಯಾರು' ಆಗಿ ಉಳಿಯಲಿಲ್ಲ, ತಂಗಿಯಾದೆ. ಕೆಲಸ ಸಿಗುವವರೆಗೆ ವಾರಕ್ಕೆರಡು ದಿನ ಆ ಶೆಡ್ಡಿಗೆ ಹೋದೆ. ಈಗ ಪಾಲಿಟೆಕ್ನಿಕ್ಕಿನಲ್ಲಿ ಎಂಜಿನ್ ಪಾಠ ಮಾಡುತ್ತೇನೆ. ಅದರಲ್ಲಿ ಅರ್ಧ ಅಲ್ಲಿ ಕಲಿತದ್ದು.

ಸಿರಸಂಗಿ ಕಡೆಯ ಟ್ರ್ಯಾಕ್ಟರುಗಳು ಆಮೇಲೆ ಅವರ ಶೆಡ್ಡಿಗೆ ಬರಲಿಲ್ಲ. ಆ ಮಾತನ್ನು ಅವರು ಒಂದು ದಿನವೂ ಎತ್ತಲಿಲ್ಲ.

ಹೋದ ವರ್ಷ ಎದೆನೋವು ಬಂದು ಮಿಸ್ತ್ರಿಯವರು ತೀರಿಕೊಂಡರು. ಅವರ ಮನೆಯವರನ್ನು ಮಾತಾಡಿಸಲು ಹೋದಾಗ ಕಟ್ಟೆಯ ಮೇಲೆ ಕೂತವರಲ್ಲಿ ಒಬ್ಬ, ಯಾರೋ ನನಗೆ ಪರಿಚಯವಿಲ್ಲದವನು, "ಕೈ ಚಲೋ ಇತ್ತು. ರಿಂಗ್ ಕೂಡಸೂದ್ರಾಗ ಅಷ್ಟ ಸ್ವಲ್ಪ ಕಚ್ಚಾ ಅಂತಿದ್ರು," ಎಂದ.

ನನ್ನದೇ ಮಾತು. ಇಷ್ಟು ವರ್ಷ ಊರೂರು ಅಲೆದು, ಅವರ ಬಾಗಿಲಿಗೇ ಬಂದು ಕೂತಿತ್ತು. ನಾನು ಚಪ್ಪಲಿಯನ್ನೂ ಬಿಡದೆ ನಿಂತಲ್ಲೇ ನಡೆದದ್ದನ್ನೆಲ್ಲ ಹೇಳಿದೆ. ಕೆಲವರು ಕೇಳಿದರು, ಕೆಲವರು ಎದ್ದು ಹೋದರು. ಎದ್ದು ಹೋದವರಿಗಾಗಿ ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ. ಮಿಸ್ತ್ರಿಯವರು ಕಟ್ಟಿದ ನಮ್ಮ ಎಂಜಿನ್ನನ್ನು ಇವತ್ತಿನವರೆಗೂ ಯಾರೂ ಬಿಚ್ಚಿಲ್ಲ. ರಿಂಗು ಸರಿಯಾಗಿದ್ದವು. ತಪ್ಪು ನನ್ನದು.