ಆಯಿಯ ಕಣ್ಣಲ್ಲಿ ಕೂತ ದೇವರು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಘೋಡಗೇರಿಯಿಂದ ಗೋಕಾಕದ ಕಾಲೇಜಿಗೆ ಮೂರು ವರ್ಷ ಬಸ್ಸಿನಲ್ಲಿ ನಿಂತೇ ಹೋಗಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಕೊನೆಯ ವರ್ಷ ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಂದು ನಗೆಕಥೆ ಬರೆದೆ. ಕಂಡ ಕಂಡ ಕಲ್ಲಿಗೆ ಭಂಡಾರದ ಅರಿಶಿನ ಹಾರಿಸುವವರನ್ನು ಗೇಲಿ ಮಾಡಲು ಬಿಳಿಗಣ್ಣಪ್ಪ ಎಂಬ ದೇವರನ್ನು ಹುಟ್ಟಿಸಿದ್ದೆ. ಶಿಲ್ಪಿ ಕಣ್ಣು ಕೆತ್ತುವ ಮೊದಲೇ ಊಟಕ್ಕೆ ಹೋಗಿ ಮಲಗಿಬಿಡುತ್ತಾನೆ. ಕಣ್ಣಿಲ್ಲದ ದೇವರು ಮುದುಕರ ಕಣ್ಣೊಳಗೆ ಬಂದು ಕೂರುತ್ತಾನೆ. ಅವನು ಕೂತ ಕಣ್ಣಿಗೆ ಬಿಳಿ ಪೊರೆ ಬರುತ್ತದೆ. ಆ ಕಣ್ಣಿಗೆ ಕಾಣುವುದು ಮನುಷ್ಯರ ಸುಳ್ಳು ಮಾತ್ರ.

ಸಂಚಿಕೆ ಬಂದ ದಿನ ಅದನ್ನು ಆಯಿಗೆ, ಅಂದರೆ ಅಪ್ಪನ ತಾಯಿಗೆ, ಓದಿ ಹೇಳಿದೆ. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮುಂದಿನ ಸೋಮವಾರ ಆಪರೇಶನ್. ಆಯಿ ನಗಲಿಲ್ಲ. ಪುಟದ ಮೇಲೆ ಕೈಯಾಡಿಸಿದಳು.

“ಇದು ಅಚ್ಚ ಆಗೈತಿ?”

“ಹೂಂ ಆಯಿ.”

“ಹಂಗಾರ ಆಪರೇಶನ್ ಬ್ಯಾಡ. ಕುಂತಾವನ್ನ ಎಬಸಬಾರದು.”

ನಮ್ಮ ಮನೆಯಲ್ಲಿದ್ದ ಅಚ್ಚಾದ ಕಾಗದಗಳೆಂದರೆ ಹೊಲದ ಪಹಣಿ ಉತಾರ, ಪಂಚಾಂಗ, ನನ್ನ ಮಾರ್ಕ್ಸ್ ಕಾರ್ಡು. ಅವು ಯಾವುವೂ ಸುಳ್ಳು ಹೇಳಿರಲಿಲ್ಲ.

ಆಯಿ ಆಪರೇಶನ್ ಬೇಡವೆಂದ ಕಾರಣ ಊರೂರು ಹಬ್ಬಿ, ಹದಿನೈದು ದಿನದಲ್ಲಿ ನಮ್ಮ ಕಟ್ಟೆಯ ಮುಂದೆ ಚಪ್ಪಲಿಗಳು ಹೆಚ್ಚಾದವು. ಮೂಡಲಗಿ ಕಡೆಯ ಕುರುಬನೊಬ್ಬ ಬಂದು ಆಯಿಯ ಎದುರು ಕೂತ. ಅವಳು ಚಹಾ ಕುಡಿಯುತ್ತ ಅವನತ್ತ ಮುಖ ತಿರುಗಿಸಿದಳು, ಅಷ್ಟೆ.

“ಹೇಳ್ತೇನ್ರಿ ಯವ್ವಾ, ಹೇಳ್ತೇನಿ,” ಎಂದು ಅವನು ಬೆವರಿದ. “ಅಣ್ಣನ ಟಗರ ತೋಳ ಒಯ್ತಂತ ಹೇಳಿದ್ನಲ್ಲ, ಆ ತೋಳ ನಾನರಿ.”

“ಸಕ್ರಿ ಕಮ್ಮಿ ಆಗೈತಿ,” ಎಂದಳು ಆಯಿ, ನನಗೆ. ಅವನು ಅದಕ್ಕೂ ಕೈ ಮುಗಿದ.

ಗೋಕಾಕದ ಡಾಕ್ಟರು ನನ್ನನ್ನು ಬೈದರು. “ಪೊರಿ ಭಾಳ ಬಲತ್ರ ಮುಂದ ನಮ್ಮ ಕೈಯಾಗ ಇಲ್ಲವ್ವಾ. ಲಗೂ ಕರಕೊಂಡ ಬಾ.”

ಅಂಜಿ ಇನ್ನೊಂದು ಕಥೆ ಬರೆದೆ: ಬಿಳಿಗಣ್ಣಪ್ಪನಿಗೆ ಬೇಸರವಾಗಿ, ಡಾಕ್ಟರ ಕೈಯಿಂದ ಆಪರೇಶನ್ ಮಾಡಿಸಿ ಕಣ್ಣಿನಿಂದ ಇಳಿಯಲು ಬಯಸುತ್ತಾನೆ. ಹುಕ್ಕೇರಿಯ ಪ್ರೆಸ್ಸಿನಲ್ಲಿ ಅಚ್ಚು ಮಾಡಿಸಿ ತಂದು ಓದಿದೆ.

“ಇದನ್ನ ನೀ ಬರದಿ,” ಎಂದಳು ಆಯಿ.

“ಮೊದಲಿನ ಕತಿನೂ ನಾನ ಬರದೇನಿ ಆಯಿ. ಆಣಿ ಮಾಡ್ತೇನಿ.”

“ಅದನ್ನ ಬರಿಯೂಮುಂದ ನೀ ಒಬ್ಬಾಕೀನ ನಗಾಕತ್ತಿದ್ದಿ. ಯಾರ್ ಕೂಡ ನಗತಾಳಿಕಿ ಅಂತ ನಾ ಕೇಳಕೋತ ಕುಂತಿದ್ನಿ.”

ಖರೆ, ಆಗ ನಾನು ನಕ್ಕಿದ್ದೆ.

ಮಳೆಗಾಲ ಮುಗಿಯುವುದರೊಳಗೆ ಆಯಿಯ ಎರಡೂ ಕಣ್ಣು ಕೆಂಪಾಗಿ, ನೋವಾಗಿ, ಪೂರ್ತಿ ಹೋದವು. ಜನ ಕಡಿಮೆಯಾಗಲಿಲ್ಲ. “ಈಗ ಘಟ್ಟಿ ಕುಂತಾನ,” ಎನ್ನುತ್ತಾರೆ. ಅದು ನನ್ನ ಕಟ್ಟುಕಥೆ ಎಂದು ಬಂದವರಿಗೆ ನಾನು ಇವತ್ತಿಗೂ ಹೇಳಿಲ್ಲ. “ಡಿಗ್ರಿ ಕಲತ ಹುಡುಗಿ ಓದಿ ಹೇಳಿದ್ದು” ಎಂದು ಅವರು ನನಗೂ ನಮಸ್ಕಾರ ಮಾಡುತ್ತಾರೆ. ಆ ಮರ್ಯಾದೆ ನನಗೆ ಬೇಕಾಗಿತ್ತು.

ಈಗ ಊಟಕ್ಕೆ ಆಯಿಯ ಎದುರು ಕೂರುವುದಿಲ್ಲ, ಬಾಜೂ ಕೂರುತ್ತೇನೆ. ಹೋದ ವಾರ ನಾನು ಸದ್ದು ಮಾಡದೆ ಕೂತಿದ್ದರೂ ಅವಳ ಮುಖ ಮೆಲ್ಲಗೆ ನನ್ನತ್ತ ತಿರುಗಿತು.

“ಏನರ ಹೇಳೂದೈತೇನು ತಂಗಿ?”

“ಏನಿಲ್ಲ ಆಯಿ.”

ಅವಳು ರೊಟ್ಟಿ ಕೆಳಗಿಟ್ಟು ಕಾಯುತ್ತ ಕೂತಳು.