ಜಪಾನಿ ಚಿತ್ರದ ಹಣೆಗೆ ಕುಂಕುಮ

ರೆಡೊಂಡೊ ಬೀಚಿನ ನಮ್ಮ ಅಪಾರ್ಟ್‌ಮೆಂಟಿನ ಹಾಲಿನಲ್ಲಿ, ದೇವರ ಪಟಗಳಿಗಿಂತ ದೊಡ್ಡದಾಗಿ ಒಬ್ಬ ಜಪಾನಿ ಹೆಂಗಸಿನ ಚಿತ್ರವಿತ್ತು. ಹೆಂಗಸಲ್ಲ, ಗಂಡಸು. ಕಬುಕಿ ನಾಟಕದಲ್ಲಿ ಸ್ತ್ರೀಪಾತ್ರ ಮಾಡುತ್ತಿದ್ದ ಹಳೆಯ ಕಾಲದ ನಟ. ಮರದ ಅಚ್ಚಿನಿಂದ ಒತ್ತಿ ತೆಗೆದ ಚಿತ್ರ. ಎಪ್ಪತ್ತರ ದಶಕದಲ್ಲಿ ನಾವು ಅಕ್ಕಿ ತರಲು ಲಾಸ್ ಏಂಜಲೀಸಿನ ಜಪಾನಿ ಪೇಟೆ ಲಿಟಲ್ ಟೋಕಿಯೋಗೆ ಹೋಗುತ್ತಿದ್ದೆವು. ಅಲ್ಲಿಯ ಅಂಗಡಿಯೊಂದರಲ್ಲಿ ಅದನ್ನು ಕಂಡು ನನ್ನ ಕಾಲು ಮುಂದೆ ಹೋಗಲಿಲ್ಲ. ನಿಲುವಂಗಿಯ ತೋಳಿನ ಅಂಚನ್ನು ತುಟಿಗೆ ತಂದು ನಗು ಮುಚ್ಚಿಕೊಂಡ ಆ ಪರಿ ನನ್ನ ಅಪ್ಪನದು.

ಅಪ್ಪ ಹುಬ್ಬಳ್ಳಿ ಕಡೆಯ ನಾಟಕ ಕಂಪನಿಯಲ್ಲಿ ಸ್ತ್ರೀಪಾತ್ರ ಮಾಡುತ್ತಿದ್ದರು. ನಾನು ಇನ್ನೂ ಚಿಕ್ಕವಳಿದ್ದಾಗಲೇ ಬಣ್ಣ ಬಿಟ್ಟು ಬಟ್ಟೆಯಂಗಡಿ ಸೇರಿದರು. ಮನೆಯಲ್ಲಿ ಉಳಿದದ್ದು ಕರಿ ಟೋಪಿ, ಕೋಟು ತೊಟ್ಟ ಒಂದೇ ಫೋಟೋ. ಸೀರೆಯುಟ್ಟ ಅಪ್ಪನ ಬಗ್ಗೆ ಕೇಳಿದರೆ ಅವ್ವ, "ಮುಗದ ಮಾತು ಈಗ್ಯಾಕ?" ಎಂದು ಎದ್ದುಹೋಗುತ್ತಿದ್ದಳು. ಅಪ್ಪ ತೀರಿಕೊಂಡ ಮೇಲಂತೂ ಅಷ್ಟೂ ಇಲ್ಲ. ನನಗೋ ಆ ಇನ್ನೊಬ್ಬ ಅಪ್ಪನ ಹಂಬಲ. ಸೆರಗಿನ ಅಂಚನ್ನು ಹಾಗೆ ತುಟಿಗೆ ತಂದದ್ದೊಂದು ಬಿಟ್ಟರೆ ಮತ್ತೇನೂ ನೆನಪಿರಲಿಲ್ಲ.

ನನ್ನ ಬಾಣಂತನಕ್ಕೆ ಊರಿನಿಂದ ಅವ್ವ ಬಂದಳು. ಚಿತ್ರದ ಮುಂದೆಯೇ ದಿನವೆಲ್ಲ ಓಡಾಟ, ಒಂದು ಮಾತಿಲ್ಲ. ಅವಳ ಬಾಯಿ ಬಿಡಿಸುವುದಕ್ಕಿಂತ ಗೋಡೆಯನ್ನು ಮಾತಾಡಿಸುವುದು ಸುಲಭ ಎಂದು ಸಿಟ್ಟೂ ಬಂತು. ಕೇಳಲು ಧೈರ್ಯವೂ ಇಲ್ಲ.

ಮಗುವಿಗೆ ಮೂರು ತಿಂಗಳಾದಾಗ ಮೈಸೂರಿನ ಆಂಟಿಯೊಬ್ಬರು ಸ್ಯಾನ್ ಡಿಯಾಗೋದಿಂದ ಡ್ರೈವ್ ಮಾಡಿಕೊಂಡು ನೋಡಲು ಬಂದರು. ಹೊರಡುವಾಗ ಕುಂಕುಮದ ಭರಣಿ ಹಿಡಿದೆ. ತಾವು ಇಟ್ಟುಕೊಂಡವರೇ ಚಿತ್ರದ ಕಡೆ ತಿರುಗಿ, "ಎಷ್ಟು ಲಕ್ಷಣವಾಗಿದಾಳೆ ಕಣೇ! ಜಪಾನಿನವರ ಲಕ್ಷ್ಮೀನಾ?" ಎಂದು ಗಾಜಿನ ಮೇಲೆ, ಹಣೆಗೆ ಸರಿಯಾಗಿ, ಕಾಸಿನಗಲ ಕುಂಕುಮ ಒತ್ತಿ ಕೈಮುಗಿದರು. ಅದು ಗಂಡಸು ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಕಾರು ಹತ್ತಿದ್ದರು.

ಬಾಗಿಲು ಹಾಕಿ ಬಂದು ನೋಡಿದರೆ ಅವ್ವ ಒದ್ದೆ ಸೆರಗಿನಿಂದ ಗಾಜು ಒರೆಸುತ್ತಿದ್ದಳು. ಮುಗಿಯಿತು, ಇನ್ನು ಚಿತ್ರವನ್ನು ಗೋಡೆಯಿಂದ ಇಳಿಸೆನ್ನುತ್ತಾಳೆ ಎಂದುಕೊಂಡೆ.

"ಇಷ್ಟ ದೊಡ್ಡದ ಯಾರ ಇಡ್ತಾರ?" ಎಂದಳು.

ಅಪ್ಪ ಹೋದಂದಿನಿಂದ ಅವ್ವ ಕುಂಕುಮ ಮುಟ್ಟಿದವಳಲ್ಲ. ಅಂದು ತಾನೇ ಭರಣಿ ತೆಗೆದುಕೊಂಡಳು. ಉಂಗುರಬೆರಳಿನ ತುದಿಗೆ ಅಕ್ಕಿಕಾಳಿನಷ್ಟು ತಾಗಿಸಿ, ಉಸಿರು ಹಿಡಿದು, ಆ ನಟನ ಹುಬ್ಬುಗಳ ನಡುವೆ ಇಟ್ಟಳು.

"ಸ್ಟೇಜಿಗೆ ಹೋಗೂ ಮುಂದ ನಿಮ್ಮಪ್ಪಗ ಕೈ ನಡುಗತಿತ್ತು. ದಿನಾ ನಾನ ಇಡತಿದ್ದೆ."

"ಸರಿ ಆಗೇತೋ ಇಲ್ಲೋ ಅಂತ ಕನ್ನಡಿ ನೋಡ್ಕೋತಿದ್ರೇನವ್ವ?" ನಾನು ಮೆಲ್ಲಗೆ ಕೇಳಿದೆ.

ಅವ್ವ ಚಿತ್ರದಿಂದ ಕಣ್ಣು ಕೀಳಲಿಲ್ಲ. "ಕನ್ನಡಿ ಎಲ್ಲಿ ನೋಡ್ತಿದ್ರು? ನನ್ನ ಮುಖಾನ ನೋಡ್ತಿದ್ರು."