ಮಾಸ್ಕಿನಲ್ಲಿ ಉಳಿದ ಉಸಿರು

ನನ್ನ ಕ್ಯಾನ್ಸರನ್ನು ಮೊದಲು ಗುರುತಿಸಿದ್ದು ನಾನೆಂದೂ ಕಾಣದ ಒಂದು ನಾಯಿ.

ಕೊಡಗಿನ ಅಮ್ಮತ್ತಿ ಸಮೀಪದ ಕಾಫಿ ಎಸ್ಟೇಟೊಂದರ ಕೂಲಿಕಾರರ ಲೈನ್ ಮನೆಗಳಲ್ಲಿ ಕ್ಯಾನ್ಸರ್ ತಪಾಸಣಾ ಶಿಬಿರ ಏರ್ಪಡಿಸಿದವಳು ನಾನೇ. ಹತ್ತು ನಿಮಿಷ ಮಾಸ್ಕ್ ಧರಿಸಿ ಉಸಿರಾಡಬೇಕು. ಅದನ್ನು ಚೀಲದಲ್ಲಿ ಮುಚ್ಚಿ ಬೆಂಗಳೂರಿನ ಲ್ಯಾಬಿಗೆ ಕಳುಹಿಸಿದರೆ, ತರಬೇತಿ ಪಡೆದ ನಾಯಿಗಳು ಮೂಸಿ, ಸಂಶಯ ಬಂದ ಮಾಸ್ಕಿನ ಮುಂದೆ ಕುಳಿತುಬಿಡುತ್ತವೆ. ಹೆಂಗಸರು ನಕ್ಕರು. ಗಂಡ ಕುಡಿದದ್ದನ್ನು ಗೇಟಿನಲ್ಲೇ ಮೂಸಿ ಹೇಳಬಲ್ಲ ತನ್ನನ್ನೂ ಆ ಕೆಲಸಕ್ಕೆ ಸೇರಿಸಿಕೊಳ್ಳಲಿ ಎಂದಳು, ಕಾಫಿ ಹಣ್ಣು ಕೊಯ್ಯುವ ಸೆಲ್ವಿ. ಆಮೇಲೆ ನಗದೆ ಕೇಳಿದಳು:

"ನಾಯಿ ಕೂತ್ರೆ ನಾವು ಹೋದಂಗೇನಾ ಅಕ್ಕಾ?"

"ಕಾಯಿಲೆ ಇದೆ ಅಂತಲ್ಲ ಸೆಲ್ವಿ. ಆಸ್ಪತ್ರೆಗೆ ಹೋಗಿ ಟೆಸ್ಟ್ ಮಾಡಿಸ್ಲೇಬೇಕು ಅಂತ."

ಧೈರ್ಯ ತುಂಬಲು ಮೊದಲ ಮಾಸ್ಕನ್ನು ನಾನೇ ಧರಿಸಿದೆ.

ನಾಯಿ ಕುಳಿತದ್ದು ಎರಡೇ ಮಾಸ್ಕುಗಳ ಮುಂದೆ. ಒಂದು ಸೆಲ್ವಿಯದು. ಇನ್ನೊಂದು ನನ್ನದು.

ಸೆಲ್ವಿಯ ರಜೆಗಾಗಿ ಎಸ್ಟೇಟಿನ ಹಾಜರಿ ಬರೆಯುವ ರೈಟರ ಬಳಿ ವಾದಿಸಿ, ಅವಳನ್ನು ಅದೇ ವಾರ ಮೈಸೂರಿಗೆ ಕಳುಹಿಸಿದೆ. ಮ್ಯಾಮೊಗ್ರಾಮ್. ಬಯಾಪ್ಸಿ. ಗಡ್ಡೆ ಚಿಕ್ಕದಿತ್ತು, ಆಪರೇಷನ್ ಮಾಡಿ ತೆಗೆದರು.

ನಾನು ಹೋಗಲಿಲ್ಲ.

ಎದುರಾಳಿಯ ಸಾಕ್ಷ್ಯವನ್ನು ಒಡೆಯುವುದನ್ನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತವಳು ನಾನು. ನಾಯಿ ದಣಿದಿರಬಹುದು, ಚೀಲಗಳು ಅದಲುಬದಲಾಗಿರಬಹುದು, ನನಗೆ ಗಂಟಿಲ್ಲ, ನೋವಿಲ್ಲ. ನಾಯಿ ಊಳಿಟ್ಟರೆ ಸಾವು ಎಂಬ ಮೂಢನಂಬಿಕೆಯನ್ನು ಇಷ್ಟು ವರ್ಷ ಖಂಡಿಸಿದವಳು, ಈಗ ನಾಯಿ ಕುಳಿತಿತೆಂದು ಹೆದರುವುದೇ? ಸೆಲ್ವಿಗೆ ಹೇಳಿದ ಮಾತಿನ ಮೊದಲರ್ಧವನ್ನಷ್ಟೇ ನನಗೆ ಹೇಳಿಕೊಂಡೆ. ಏಳು ತಿಂಗಳು ಈ ವಾದದಲ್ಲಿ ನಾನೇ ಗೆಲ್ಲುತ್ತಿದ್ದೆ.

ಆಮೇಲೆ ಬೆನ್ನುನೋವು ಬಂತು.

ಸ್ಕ್ಯಾನ್ ನೋಡಿದ ಡಾಕ್ಟರು, ಸ್ತನದಿಂದ ಮೂಳೆಗೆ ಹರಡಿದೆ ಎಂದರು. ಹಿಡಿದಿಡಬಹುದು, ಪೂರ್ತಿ ತೆಗೆಯಲಾಗದು.

"ಮೊದಲೇ ಏನೂ ಗೊತ್ತಾಗಿರಲಿಲ್ವಾ?"

"ಗೊತ್ತಾಗಿತ್ತು," ಎಂದೆ.

ಕೀಮೋ ಶುರುವಾದ ಮೇಲೆ ಯಾವ ವಾಸನೆಯನ್ನೂ ತಾಳಲಾಗುತ್ತಿಲ್ಲ. ಕಾಫಿ ಹೂ ಅರಳಿ ಊರೆಲ್ಲ ಘಮಘಮಿಸಿದ ವಾರ ನಾನು ಕಿಟಕಿ ಮುಚ್ಚಿಕೊಂಡು ವಾಂತಿ ಮಾಡುತ್ತಿದ್ದೆ. ನನ್ನವರು ಒಗ್ಗರಣೆ ಹಾಕುವುದನ್ನೇ ಬಿಟ್ಟಿದ್ದಾರೆ. ನನ್ನೊಡನೆ ಅವರೂ ಸಪ್ಪೆ ಗಂಜಿ ಉಣ್ಣುತ್ತಾರೆ. ತಡವೇಕೆ ಮಾಡಿದೆ ಎಂದು ಒಮ್ಮೆಯೂ ಕೇಳಿಲ್ಲ. ಕೇಳಿದ್ದರೆ ಸುಲಭವಾಗುತ್ತಿತ್ತು.

ಕೀಮೋದ ಪ್ರತಿ ಸೈಕಲಿಗೂ ಸೆಲ್ವಿ ಆಸ್ಪತ್ರೆಗೆ ಜೊತೆಗೆ ಬರುತ್ತಾಳೆ. ಇಷ್ಟು ಸಂಕಟಪಟ್ಟು ಗಳಿಸುವ ಕೆಲವು ತಿಂಗಳುಗಳಿಗೆ ಅರ್ಥವಿದೆಯೇ ಎಂದು ಕಳೆದ ವಾರ ಬಸ್‌ಸ್ಟ್ಯಾಂಡಿನಲ್ಲಿ ಅವಳ ಮುಂದೆ ಕೀಮೋ ನಿಲ್ಲಿಸಲು ಕಾರಣಗಳನ್ನು ಒಂದೊಂದಾಗಿ ಇಡತೊಡಗಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

"ಎಲ್ಲಾ ಸರಿ ಅಕ್ಕಾ. ಬಸ್ ಬಂತು, ಹತ್ತಿ."

ಅವಳ ಕೈ ಹಿಡಿದು ಹತ್ತಿದೆ.